ಕೇಳುವ ಕ್ರಮ

ಹಿರಿಯರಿಗೆ ಯಂತ್ರವೆಂದರೆ ಅಂಜಿಕೆ, ಕಿರಿಯರಿಗೆ ಹುಚ್ಚು ಎಂಬ ಮಾತು ಸತ್ಯಕ್ಕೆ ದೂರವಾದುದು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದು ‘ಆಕಾಶವಾಣಿ’ಯೆಂದು ಹೆಸರಾಯಿತು. 1950ರಲ್ಲಿ ಧಾರವಾಡ ಕೇಂದ್ರವೂ ಮೊದಲಾಯಿತು. ಉಜ್ಜಿನಿಯ ನಮ್ಮ ಅಜ್ಜನಿಗೆ ಅಕ್ಷರ ಬಾರದು. ಆದರೂ ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸಿ ಧಾರವಾಡವನ್ನು ಹಿಡಿದು, ಮಳೆಯ ಸುದ್ದಿಯನ್ನೂ ಪೇಟೆ ಧಾರಣೆಯನ್ನೂ ಓಣಿಗೆಲ್ಲ ಕೇಳಿಸುತ್ತಿದ್ದನು.

ಇಂದು ನಮ್ಮ ಕಿವಿಯಲ್ಲಿ ಇಯರ್‌ಫೋನು. ಧ್ವನಿಯೇನೋ ನಿರ್ಮಲ, ಆದರೆ ಪಕ್ಕದಲ್ಲಿಯೇ ಕುಳಿತ ತಾಯಿಗೆ ಅದು ಬರಿಯ ಮೌನ. ಆದುದರಿಂದ ತಲೆಮಾರಿನ ಭೇದವಿರುವುದು ಯಂತ್ರಪ್ರೀತಿಯಲ್ಲಲ್ಲ, ಹಂಚಿಕೊಂಡು ಕೇಳುವುದರಲ್ಲಿ. ಮನೆಯಲ್ಲಿ ಮೊದಲು ಓದಿದವರಾದ ನಮಗೆ ಈ ವಿಷಯದಲ್ಲಿ ಹೊಣೆ ಹೆಚ್ಚು. ಓದಿದ ಮಗನ ಮಾತೇ ಹೆತ್ತವರಿಗೆ ಕೇಳದಂತಾದರೆ ಆ ವಿದ್ಯೆಯಿಂದ ಫಲವೇನು? ಮಿತ್ರರೇ, ಸಂಜೆಗೊಂದು ಗಳಿಗೆಯಾದರೂ ಮನೆಮಂದಿಗೆಲ್ಲ ಕೇಳುವಂತೆ ಹಾಡು ಹಚ್ಚೋಣ.