ಅಂಗಡಿಯ ಮೇಲಣ ಮನೆ

ಸಿದ್ದರಬೆಟ್ಟವನ್ನು ಹತ್ತಿ, ಗುಹೆಯೊಳಗಣ ಸಿದ್ದೇಶ್ವರನ ದರ್ಶನ ಮಾಡಿ ಇಳಿದ ಮೇಲೆ, ಕೊರಟಗೆರೆಯ ಅತ್ತೆಯವರ ಮನೆಗೆ ಹೋಗದೆ ಬೆಂಗಳೂರಿನ ಬಸ್ಸು ಹತ್ತುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ಈ ಸಲ ಊಟಕ್ಕೆ ಎಲೆ ಹಾಕುವುದಕ್ಕೆ ಮುಂಚೆಯೇ ನನ್ನ ಭಾವಮೈದುನ ಒಂದು ದೊಡ್ಡ ನಕ್ಷೆಯನ್ನು ಚಾಪೆಯ ಮೇಲೆ ಹರಡಿದ.

ಪೇಟೆಬೀದಿಯ ಆ ಮನೆ ಹಳೆಯದು. ಮುಂದೆ ಜಗಲಿ, ಹಲಗೆಬಾಗಿಲಿನ ಅಂಗಡಿ. ಹಿಂದೆ ಪಡಸಾಲೆ, ತೊಟ್ಟಿ, ಅಡಿಗೆಮನೆ, ಹಿತ್ತಿಲು. ಅಗಲ ಮೂವತ್ತು ಅಡಿ, ಉದ್ದ ನೂರಕ್ಕೆ ತುಸು ಕಡಿಮೆ. ಎರಡು ಪಕ್ಕದ ಗೋಡೆಗಳೂ ನೆರೆಯವರ ಗೋಡೆಗಳಿಗೆ ಅಂಟಿಕೊಂಡಿವೆ. ಇದನ್ನೆಲ್ಲ ಕೆಡವಿ ಕೆಳಗೆ ಮೂರು ಅಂಗಡಿ, ಅವುಗಳ ಹಿಂದೆ ಗೋದಾಮು, ಮೇಲಿನ ಎರಡು ಅಂತಸ್ತುಗಳಲ್ಲಿ ನಾಲ್ಕು ಮನೆ ಕಟ್ಟುವುದು ಅವನ ಸಂಕಲ್ಪ.

ಕನ್ನಡಕ ಸರಿಪಡಿಸಿಕೊಂಡು ನಕ್ಷೆಯನ್ನು ನೋಡಿದ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಾ ಸರಿ ಕಣಪ್ಪ, ಮನೆಯ ಬಾಗಿಲೆಲ್ಲಿ?”

ಬಾಗಿಲು ಹಿಂದುಗಡೆ ಇತ್ತು. ಅಂಗಡಿಗಳ ಪಕ್ಕದಲ್ಲಿ ಮೂರೂವರೆ ಅಡಿಯ ಓಣಿ, ಅದರ ಕೊನೆಯಲ್ಲಿ ಮೆಟ್ಟಿಲು. ಅವನ ಮಗಳು ತುಮಕೂರಿನ ಕಾಲೇಜಿನಿಂದ ಕಡೆಯ ಬಸ್ಸಿಗೆ ಬರುವ ಹೊತ್ತಿಗೆ ಮೂರು ಅಂಗಡಿಗಳ ಷಟರುಗಳೂ ಕೆಳಗಿಳಿದಿರುತ್ತವೆ. ಅಷ್ಟು ಹೊತ್ತಿನಲ್ಲಿ ಆ ಓಣಿಯನ್ನು ನೋಡುವ ಒಂದು ಕಿಟಕಿಯಾದರೂ ನಕ್ಷೆಯಲ್ಲಿರಲಿಲ್ಲ.

ಅಂಗಡಿಯೂ ಸಂಸಾರವೂ ಒಂದೇ ಸೂರಿನಡಿ ಇರುವುದು ನಮಗೇನೂ ಹೊಸದಲ್ಲ. 1537ರಲ್ಲಿ ಕೆಂಪೇಗೌಡನು ಸ್ಥಾಪಿಸಿದನೆನ್ನುವ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆಗಳಲ್ಲಿ ವ್ಯಾಪಾರ ಮಾಡುವವನು ಅಲ್ಲಿಯೇ ಮಲಗುತ್ತಿದ್ದ. 1898ರ ಪ್ಲೇಗು ಆ ಇಕ್ಕಟ್ಟಿನ ಅಪಾಯವನ್ನು ತೋರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಬೆಳೆದವು; ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಎಂಬ ಭಾವನೆ ಬಲಿಯಿತು. ಆದರೂ ಗಾಂಧಿಬಜಾರಿಲ್ಲದ ಬಸವನಗುಡಿಯನ್ನು ಯಾರು ತಾನೆ ಊಹಿಸಿಕೊಂಡಾರು! 2007ರಲ್ಲಿ ಬೆಂಗಳೂರಿನ ಮಹಾಯೋಜನೆ ವಸತಿಪ್ರದೇಶಗಳಲ್ಲಿ ವ್ಯಾಪಾರಕ್ಕೆ ಹೆಚ್ಚು ಎಡೆ ಕೊಟ್ಟಾಗ ಹಲವು ಬಡಾವಣೆಗಳ ನಿವಾಸಿಗಳು ಪ್ರತಿಭಟಿಸಿದರು. ನನಗೆ ತೋರುವಂತೆ ಅವರ ಕೋಪ ದಿನಸಿ ಅಂಗಡಿಯ ಮೇಲಲ್ಲ. ಮಲಗುವ ಕೋಣೆಯ ಕೆಳಗೆ ಹೋಟೆಲಿನ ಒಲೆ, ಬಾಗಿಲಿಗೆ ಅಡ್ಡವಾಗಿ ಯಾರದೋ ಕಾರು, ಇವುಗಳ ಮೇಲೆ.

ಚಂಡೀಗಢದ 22ನೆಯ ಸೆಕ್ಟರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸಾಲುಕಟ್ಟಡಗಳಿವೆ. ಇನ್ನು ನ್ಯೂಯಾರ್ಕಿನ ಜೇನ್ ಜೇಕಬ್ಸ್ ಎಂಬಾಕೆ, ಹಿಂದೆ ಮಿಠಾಯಿ ಅಂಗಡಿಯಾಗಿದ್ದ ಕಟ್ಟಡದಲ್ಲಿಯೇ ಸಂಸಾರ ಹೂಡಿದ್ದವರು, 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀದಿಯನ್ನು ಕಾಯುವುದು ಪೋಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ಕಿಟಕಿಯಲ್ಲಿ ಕುಳಿತವರ ಕಣ್ಣುಗಳೇ ಎಂದು ವಾದಿಸಿದರು. ನಮ್ಮ ಅತ್ತೆಯವರು ಆ ಗ್ರಂಥವನ್ನು ಓದಿಲ್ಲ. ಐವತ್ತು ವರ್ಷ ಜಗಲಿಯಲ್ಲಿ ಕುಳಿತಿದ್ದಾರೆ.

ಮಧ್ಯಾಹ್ನವೆಲ್ಲ ಆ ಕಾಗದದ ಸುತ್ತ ಕಳೆಯಿತು. ಎರಡು ಅಂಗಡಿಗಳ ನಡುವೆ, ಬೀದಿಗೇ ಮುಖಮಾಡಿ, ಆರಡಿಯ ಹೆಬ್ಬಾಗಿಲು ಮತ್ತು ಮೆಟ್ಟಿಲು ಇರಲೆಂದೆ. ಮೆಟ್ಟಿಲ ಮೇಲಣ ಮೊದಲ ಕಿಟಕಿ ಬೀದಿಯನ್ನೇ ನೋಡಲಿ. ಅಂಗಡಿಯ ಆಳ ಇಪ್ಪತ್ತೈದಡಿ ಸಾಕು. ಗೋದಾಮನ್ನು ಬಿಟ್ಟು ಹಳೆಯ ತೊಟ್ಟಿಯನ್ನು ಆಕಾಶಕ್ಕೆ ತೆರೆದೇ ಉಳಿಸಬೇಕು. ಪಕ್ಕದ ಗೋಡೆಗಳಲ್ಲಿ ಕಿಟಕಿಯಿಡಲಾರದ ನಿವೇಶನದಲ್ಲಿ ನಡುವಣ ಕೋಣೆಗಳಿಗೆ ಗಾಳಿಬೆಳಕು ಬೇರೆಲ್ಲಿಂದ ಬರಬೇಕು? ಅಂಗಡಿಗೆ ಬೇರೆಯೇ ಶೌಚಗೃಹ, ವಿದ್ಯುತ್ತಿಗೆ ಬೇರೆ ಮೀಟರು. ಒಲೆ ಹೂಡುವ ಬಾಡಿಗೆದಾರನಿಗೆ ಮಾಳಿಗೆಯ ಮೇಲಕ್ಕೆ ಹೋಗುವ ಹೊಗೆಕೊಳವೆ ಇಲ್ಲದೆ ಜಾಗವಿಲ್ಲ. ಮುಂದಿನ ಜಗಲಿಯ ಅಗಲವನ್ನು ನೆರಳಿಗಾಗಿ ಹಾಗೆಯೇ ಬಿಡುವುದು.

“ಭಾವ, ನೀವು ಒಂದು ಅಂಗಡಿಯ ಬಾಡಿಗೆಯನ್ನೇ ಮೆಟ್ಟಿಲಿಗೆ ಹಾಕಿದಿರಿ. ಸಾಲದ ಕಂತು ಯಾರು ಕಟ್ಟುತ್ತಾರೆ?” ಎಂದ. ಅವನ ಮಾತೂ ನ್ಯಾಯವೇ. ಮೂರು ಅಂಗಡಿಗಳ ಬಾಡಿಗೆಯನ್ನು ನಂಬಿಯೇ ಅವನು ಬ್ಯಾಂಕಿನ ಮೆಟ್ಟಿಲು ಹತ್ತಿದ್ದ.

“ಹುಡುಗಿ ಬರುವ ಹೊತ್ತಿಗೆ ಆ ಓಣಿಯಲ್ಲಿ ದೀಪ ಹಿಡಿದು ನಿಲ್ಲುವವರು ಯಾರು? ನೀನೋ, ನಿನ್ನ ಬಾಡಿಗೆಯೋ?” ಎಂದರು ಅತ್ತೆಯವರು.

ಅವನು ಉತ್ತರ ಕೊಡಲಿಲ್ಲ. ನಾನು ಹೊರಡುವ ಹೊತ್ತಿಗೆ ಪೆನ್ಸಿಲಿನಿಂದ ಗೋದಾಮಿನ ಮೇಲೆ ಅಡ್ಡಗೆರೆ ಎಳೆದಿದ್ದ. ಮೂರನೆಯ ಅಂಗಡಿಯನ್ನು ಮಾತ್ರ ಇನ್ನೂ ಬಿಟ್ಟುಕೊಟ್ಟಿರಲಿಲ್ಲ.