ಮಕ್ಕಳ ಚಿತ್ರದಲ್ಲಿ ಅತಿಥಿಯ ಕುರ್ಚಿ

ಡಿಸೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಡಗರ. ಕಳೆದ ಸಲ ಬಂಧುಗಳ ಮಗಳ ನೃತ್ಯ ನೋಡಲು ಅಂಥದೊಂದು ಪ್ರೌಢಶಾಲೆಗೆ ಹೋಗಿದ್ದೆ. ಬಾಡಿಗೆ ಉಡುಪು ತೊಟ್ಟ ಹುಡುಗಿಯರು ತರಗತಿ ಕೋಣೆಯಿಂದ ಹೊರಬಂದೊಡನೆ ಪೋಷಕರ ಮೊಬೈಲುಗಳು ಸಾಲಾಗಿ ಮೇಲೆದ್ದವು. ‘ಬೇಗ ನಿಲ್ಲಿ, ಮುಂದಿನದು ನಿಮ್ಮದೇ’ ಎಂದು ಶಿಕ್ಷಕಿ ಅವಸರಪಡಿಸಿದರು. ಇಬ್ಬರಿಗೆ ಹೂ ಮುಡಿಸಿ ಆಗಿರಲಿಲ್ಲ. ಅವರು ಓಡಿ ಬರುವಷ್ಟರಲ್ಲಿ ಚಿತ್ರ ತೆಗೆದಾಗಿತ್ತು. ಉಳಿದವರು ವೇದಿಕೆಯ ಮೆಟ್ಟಿಲೇರುತ್ತಿದ್ದರು.

ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ ಮೂವತ್ತಾರು ಚಿತ್ರ. ಪೇಟೆಯಿಂದ ಬಂದ ಛಾಯಾಗ್ರಾಹಕ ಗಿಡ್ಡವರನ್ನು ಮುಂದಕ್ಕೆ ತಂದು, ಬಾರದವರಿಗಾಗಿ ಕಾದು, ಆಮೇಲೆ ಗುಂಡಿ ಒತ್ತುತ್ತಿದ್ದ. ಈಗ ಚಿತ್ರಕ್ಕೆ ಖರ್ಚಿಲ್ಲ. ಅಭಾವವಿರುವುದು ಹಿರಿಯರ ಸಮಯಕ್ಕೆ. ಅರ್ಥಶಾಸ್ತ್ರ ಓದಿದ ನನಗೆ ಈ ಅದಲುಬದಲು ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಮಕ್ಕಳ ಸಮಯವನ್ನು ನುಂಗಿದವರು ಯಾರು? ನನ್ನಂಥವರೇ. ಸೇವೆಯಲ್ಲಿದ್ದಾಗ ಮುಖ್ಯ ಅತಿಥಿಯಾಗಿ ಹೋದ ಒಂದು ಶಾಲೆಗೆ ಒಂದೂವರೆ ಗಂಟೆ ತಡವಾಗಿ ತಲುಪಿದ್ದೆ. ಆ ಸಂಜೆ ಯಕ್ಷಗಾನವಿತ್ತು. ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಕೊನೆಗೆ ಕಿರೀಟವನ್ನೂ ಬಿಗಿದುಕೊಂಡ ಮಕ್ಕಳು ಆರಾಮವಾಗಿ ಕುಳಿತುಕೊಳ್ಳಲೂ ಆಗದೆ ಕಾಯುತ್ತಿದ್ದರು. ನಾನು ಇಳಿದ ತಕ್ಷಣ ಒಂದು ಚಿತ್ರ. ಅದು ಇಂದಿಗೂ ನನ್ನಲ್ಲಿದೆ. ನಡುವೆ ಕುರ್ಚಿಯಲ್ಲಿ ನಾನು. ನನಗೆ ತೊಡಿಸಿದ ಮೈಸೂರು ಪೇಟದ ಹಿಂದೆ ಒಬ್ಬ ಹುಡುಗನ ಮುಖ ಮರೆಯಾಗಿದೆ, ಕಿರೀಟದ ತುದಿ ಮಾತ್ರ ಕಾಣುತ್ತದೆ. ಹಿಂಬದಿಯಲ್ಲಿ ನನ್ನ ಹೆಸರು, ಪದನಾಮಗಳಿವೆ. ಒಂದು ಮಗುವಿನ ಹೆಸರೂ ಇಲ್ಲ.

ಇದು ಕ್ಷುಲ್ಲಕ ಸಂಗತಿಯಲ್ಲ. ಹತ್ತನೇ ತರಗತಿ ಮುಗಿದೊಡನೆ ಈ ಮಕ್ಕಳು ಬೇರೆ ಬೇರೆ ಊರುಗಳ ಕಾಲೇಜುಗಳಿಗೆ ಚದುರುತ್ತಾರೆ. ಕೆಲವರಿಗೆ ಅದೇ ಮೊದಲ ಮತ್ತು ಕೊನೆಯ ವೇದಿಕೆ. ಉಡುಪಿನ ಬಾಡಿಗೆ ಹೊಂದಿಸಲಾಗದ ಮನೆಯ ಮಗುವಂತೂ ನೃತ್ಯದಲ್ಲೂ ಇರುವುದಿಲ್ಲ, ಚಿತ್ರದಲ್ಲೂ ಇರುವುದಿಲ್ಲ. ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಬಾಲವನ ಇದೇ ಪುತ್ತೂರಿನಲ್ಲಿದೆ ಎಂಬುದನ್ನು ನಮ್ಮ ವಾರ್ಷಿಕೋತ್ಸವ ಸಮಿತಿಗಳು ಆಗಾಗ ನೆನೆಯಬೇಕು.

ಗುಂಪು ಚಿತ್ರವನ್ನು ಉತ್ಸವದ ಸಂಜೆಗೆ ಬಿಡದೆ, ಹಿಂದಿನ ದಿನದ ಅಭ್ಯಾಸದ ವೇಳೆ ಸಮವಸ್ತ್ರದಲ್ಲಿಯೇ ತೆಗೆಯಬಹುದು. ಪರದೆ ಎಳೆಯುವವರು, ಬೆಂಚು ಹೊರುವವರು, ಕುಣಿಯದವರು ಎಲ್ಲರೂ ಅದರಲ್ಲಿರಲಿ. ಒಂದು ಪ್ರತಿ ಮುದ್ರಿಸಿ, ಹೆಸರು ಬರೆದು ಶಾಲೆಯಲ್ಲಿ ತೂಗುಹಾಕಲಿ. ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುವ ಆತುರ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ದತ್ತಾಂಶ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮನೆಯವರ ಮೊಬೈಲಿಗೆ ಕಾನೂನು ಅನ್ವಯಿಸದಿರಬಹುದು. ಶಾಲೆಯಾದರೂ ಪೋಷಕರನ್ನು ಕೇಳಿಯೇ ಮುಂದುವರಿಯಲಿ.

ಇನ್ನು ಸಭಾ ಕಾರ್ಯಕ್ರಮ. ಸ್ವಾಗತ, ಸನ್ಮಾನ, ನಾಲ್ಕು ಭಾಷಣ, ವಂದನಾರ್ಪಣೆ ಮುಗಿಯುವಾಗ ಚಿಕ್ಕ ಮಕ್ಕಳು ತೂಕಡಿಸುತ್ತಿರುತ್ತಾರೆ, ದೂರದವರು ಕೊನೆಯ ಬಸ್ಸಿನ ಚಿಂತೆಯಲ್ಲಿರುತ್ತಾರೆ. ಈ ವರ್ಷ ಒಂದು ಶಾಲೆಯವರು ನನ್ನನ್ನು ಆಹ್ವಾನಿಸಿದ್ದಾರೆ. ಮಕ್ಕಳ ಕಾರ್ಯಕ್ರಮ ಮೊದಲು, ನನ್ನ ಮಾತು ಕೊನೆಗೆ ಐದು ನಿಮಿಷ, ಚಿತ್ರದಲ್ಲಿ ನನಗೆ ಕುರ್ಚಿ ಬೇಡ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.