ಹಾಡಿದವಳ ಹೆಸರು ಹೇಳಿ

ಇಟಲಿಯಲ್ಲಿ 1993ರ ಕೊನೆಗೆ ಬಂದ ಒಂದು ಡ್ಯಾನ್ಸ್ ಹಾಡು ಮೂವತ್ತು ವರ್ಷ ದಾಟಿದರೂ ನಮ್ಮ ಮಲಾಡ್ ಬಿಟ್ಟು ಹೋಗಿಲ್ಲ. ಹಾಡಿನ ಹೆಸರು 'ದಿ ರಿದಮ್ ಆಫ್ ದ ನೈಟ್'. ತಂಡದ ಹೆಸರು ಕೊರೋನಾ. ಹೌದು, ಅದೇ ಹೆಸರು. ವೈರಸ್ ಬರುವುದಕ್ಕೆ ಕಾಲು ಶತಮಾನ ಮೊದಲೇ ಇಟ್ಟುಕೊಂಡದ್ದು, ಪಾಪ. ಲಿಂಕ್ ರೋಡಿನ ಜಿಮ್ಮಿನಲ್ಲಿ, ಆಫೀಸಿನ ವಾರ್ಷಿಕ ಪಾರ್ಟಿಯಲ್ಲಿ, ಹೌಸಿಂಗ್ ಸೊಸೈಟಿಯ ಡಿಸೆಂಬರ್ 31ರ ರಾತ್ರಿಯಲ್ಲಿ ಅದು ಬಂದೇ ಬರುತ್ತದೆ. ಹೆಸರು ಗೊತ್ತಿಲ್ಲದವರಿಗೂ ಪಲ್ಲವಿ ಗೊತ್ತು. ಹಾಡು ಬಂದು ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನನ್ನ ಟೀಮಿನ ಹುಡುಗ ಹುಡುಗಿಯರೂ ಕೈ ಮೇಲೆತ್ತಿ ಕೂಗುತ್ತಾರೆ.

ಈ ಹಾಡಿನ ಬಗ್ಗೆ ನಾನು ಕೇಳುತ್ತಾ ಬಂದಿರುವುದು ಎರಡು ಮಾತು. ಸಾಹಿತ್ಯ ಸಂಗೀತದ ಗೆಳೆಯರು ಹೇಳುವ ಮಾತು: "ಅದೊಂದು ಪ್ಲಾಸ್ಟಿಕ್ ಹಾಡು ಮಾರಾಯ್ರೇ. ಹಾಡಿದವಳು ಒಬ್ಬಳು, ಟಿವಿಯಲ್ಲಿ ಬಾಯಿ ಆಡಿಸಿದವಳು ಇನ್ನೊಬ್ಬಳು. ಮೋಸ." ಆಫೀಸಿನ ಗೆಳೆಯರು ಹೇಳುವ ಮಾತು: "ಯಾರು ಹಾಡಿದರೇನು ಬಿಡಿ, ಬೀಟ್ ಚೆನ್ನಾಗಿದೆ, ನಮ್ಮ ಕಾಲದ ಹಾಡು." ಎರಡೂ ತಪ್ಪು ಎಂಬುದು ನನ್ನ ವಾದ. ಅದೂ ಒಂದೇ ಕಾರಣಕ್ಕೆ: ಇಬ್ಬರೂ ಹಾಡಿದವಳು ಯಾರೆಂದು ವಿಚಾರಿಸುವುದಿಲ್ಲ.

ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಇಟಲಿ, ಜರ್ಮನಿಗಳಲ್ಲಿ ಇಂಥ ಹಾಡುಗಳನ್ನು ಮಾಡುತ್ತಿದ್ದದ್ದು ನಾವು ಅಂದುಕೊಳ್ಳುವಂಥ ಬ್ಯಾಂಡುಗಳಲ್ಲ. ಒಬ್ಬ ನಿರ್ಮಾಪಕ, ಒಂದು ಸ್ಟುಡಿಯೋ, ಒಂದಷ್ಟು ಕೀಬೋರ್ಡು, ಬಂದು ಹಾಡಿ ಹೋಗುವ ಒಬ್ಬ ಗಾಯಕಿ, ವೇದಿಕೆಗೆ ಒಂದು ಮುಖ. ಅದನ್ನು ಅವರು ಕರೆಯುತ್ತಿದ್ದದ್ದೇ 'ಪ್ರಾಜೆಕ್ಟ್' ಎಂದು. ಕೊರೋನಾ ಅಂಥ ಒಂದು ಪ್ರಾಜೆಕ್ಟ್. ಅದರ ನಿರ್ಮಾಪಕ ಫ್ರಾಂಚೆಸ್ಕೋ ಬೊಂಟೆಂಪಿ. ವಿಡಿಯೋದಲ್ಲಿ, ವೇದಿಕೆಯಲ್ಲಿ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕಂಡವಳು ಬ್ರೆಜಿಲ್ ಮೂಲದ ಓಲ್ಗಾ ಸೋಜಾ. ಹಾಡಿದವಳು ಇಟಲಿಯ ಜಿಯೋವಾನಾ ಬೆರ್ಸೋಲಾ. ಜೆನ್ನಿ ಬಿ ಎಂದೂ ಕರೆಯುತ್ತಾರೆ. ಈ ಹಾಡು 1994ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು; ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲೂ 11ನೇ ಸ್ಥಾನ ತಲುಪಿತು. ಜಗತ್ತು ಓಲ್ಗಾಳ ಮುಖ ನೋಡಿಕೊಂಡು ಜಿಯೋವಾನಾಳ ಧ್ವನಿ ಕೇಳಿತು.

ಈಗ 'ಮೋಸ' ಎನ್ನುವವರ ಮಾತಿಗೆ ಬರೋಣ. ಇವರು ಮಿಲ್ಲಿ ವನಿಲ್ಲಿಯ ಕಥೆ ಎತ್ತುತ್ತಾರೆ. ಆ ಜೋಡಿ ತಮ್ಮ ಹಾಡುಗಳನ್ನು ತಾವು ಹಾಡಿಯೇ ಇರಲಿಲ್ಲ ಎಂದು ಹೊರಬಿದ್ದಾಗ, 1990ರ ನವೆಂಬರಿನಲ್ಲಿ, ಅವರಿಗೆ ಕೊಟ್ಟಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು ವಾಪಸ್ ತೆಗೆದುಕೊಂಡರು. ಸರಿ. ಆದರೆ ಒಬ್ಬರು ಹಾಡಿ ಇನ್ನೊಬ್ಬರು ಬಾಯಿ ಆಡಿಸುವುದೇ ಮೋಸವಾದರೆ, ಸ್ವಾಮೀ, ನಮ್ಮ ಸಿನಿಮಾದ ಹಾಡುಗಳಲ್ಲಿ ಉಳಿಯುವುದು ಏನು? ಪಿ.ಬಿ. ಶ್ರೀನಿವಾಸ್ ಹಾಡಿದರು, ರಾಜ್‌ಕುಮಾರ್ ತುಟಿ ಆಡಿಸಿದರು. ಎರಡು ತಲೆಮಾರು ಕನ್ನಡಿಗರು ಆ ಹಾಡುಗಳನ್ನು ಎದೆಗೆ ಹಚ್ಚಿಕೊಂಡರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದು ರಾಜ್ ತಾವೇ ಹಾಡಿದಾಗ ಸಂತೋಷಪಟ್ಟರೇ ಹೊರತು, ಇಷ್ಟು ದಿನ ನಮಗೆ ಮೋಸವಾಗಿತ್ತು ಎಂದು ಯಾರೂ ದೂರು ಕೊಡಲಿಲ್ಲ. ಹಾಡಿದವರು ಪಿ.ಬಿ.ಎಸ್. ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಸಿನಿಮಾ ಬಿಡಿ, ನಮ್ಮ ಕುಂದಾಪುರದ ಕಡೆಯ ಯಕ್ಷಗಾನ ನೋಡಿ. ಕುಣಿಯುವವನು ಕೃಷ್ಣ, ಪದ ಹೇಳುವವರು ಹಿಂದೆ ಕೂತ ಭಾಗವತರು. ಕೃಷ್ಣನ ಮನಸ್ಸಿನಲ್ಲಿ ಏನಿದೆ ಎಂಬುದು ಭಾಗವತರ ಗಂಟಲಿನಿಂದ ಬರಬೇಕು. ಅಲ್ಲಿಯೂ ಧ್ವನಿ ಒಬ್ಬರದು, ದೇಹ ಇನ್ನೊಬ್ಬರದು. ಆದರೆ ಭಾಗವತರನ್ನು ಪರದೆಯ ಹಿಂದೆ ಅಡಗಿಸಿಲ್ಲ. ಮುಂಡಾಸು ಕಟ್ಟಿಸಿ, ಕೈಗೆ ಜಾಗಟೆ ಕೊಟ್ಟು, ರಂಗದ ನಡುವೆಯೇ ಕೂರಿಸಿದ್ದೇವೆ. ಆಟದ ಕರಪತ್ರದಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದ ಇಂದಿಗೂ ಮುಂಬಯಿಯಲ್ಲಿ ಫೋನಿಂದ ಫೋನಿಗೆ ಓಡಾಡುತ್ತಿದೆ, ಹೆಸರಿನ ಸಮೇತ. ಹಾಗಾಗಿ ಧ್ವನಿ ಮತ್ತು ದೇಹ ಬೇರೆಯಾಗುವುದು ನಮಗೆ ಹೊಸದಲ್ಲ, ಅದು ಮೋಸವೂ ಅಲ್ಲ. ಹಾಡಿದವರ ಹೆಸರು ಮುಚ್ಚಿಡುವುದು ಮೋಸ. ನನ್ನ ಜಗಳ ಇರುವುದು ಅಲ್ಲಿ.

ಈ ಜಗಳಕ್ಕೆ ಮಲಾಡ್‌ಗಿಂತ ಒಳ್ಳೆಯ ಜಾಗ ಇಲ್ಲ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದ್ದು ಇಲ್ಲಿ. ಆಗ ಇಲ್ಲಿಗೆ ಜರ್ಮನಿಯಿಂದ ನಿರ್ದೇಶಕ ಫ್ರಾನ್ಜ್ ಓಸ್ಟೆನ್, ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್ ಬಂದು ಕೆಲಸ ಮಾಡಿದ್ದರು. ದೇವಿಕಾ ರಾಣಿ ಮುಂದೆ ರೋರಿಚ್ ಅವರನ್ನು ಮದುವೆಯಾಗಿ ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿಗೆ ಬಂದು ನೆಲೆಸಿದರು. ಆ ಎಸ್ಟೇಟಿನ ಸುದ್ದಿ ಕನ್ನಡಿಗರಿಗೆ ಗೊತ್ತಿರುವಷ್ಟು ಬಾಂಬೆ ಟಾಕೀಸಿನ ಸುದ್ದಿ ಗೊತ್ತಿಲ್ಲ. ಇಂದು ಆ ಕಾಂಪೌಂಡಿನಲ್ಲಿ ಸಣ್ಣ ಪುಟ್ಟ ಕಾರ್ಖಾನೆ, ಗೋದಾಮುಗಳಿವೆ.

ಆ ಸ್ಟುಡಿಯೋದ ಮೊದಲ ಚಿತ್ರ 1935ರ 'ಜವಾನಿ ಕೀ ಹವಾ'. ಸಂಗೀತ ಸರಸ್ವತೀ ದೇವಿ ಅವರದು. ಆಕೆಯ ನಿಜ ಹೆಸರು ಖುರ್ಷಿದ್, ಪಾರ್ಸಿ ಮನೆತನದವರು. ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬಾರದು ಎಂದು ಸಮಾಜದವರು ಗಲಾಟೆ ಮಾಡಿದ್ದರಿಂದ ಅಕ್ಕ ಸರಸ್ವತೀ ದೇವಿಯಾದರು, ತಂಗಿ ಚಂದ್ರಪ್ರಭಾ ಆದರು. ತಂಗಿಯ ಗಂಟಲು ಕೆಟ್ಟಾಗ ಅಕ್ಕ ಹಾಡಿ, ತಂಗಿ ಕ್ಯಾಮೆರಾದ ಮುಂದೆ ತುಟಿ ಆಡಿಸಿದ ಪ್ರಸಂಗವನ್ನು ಸಿನಿಮಾ ಇತಿಹಾಸಕಾರರು ದಾಖಲಿಸಿದ್ದಾರೆ. ಬೊಂಟೆಂಪಿ ಇಟಲಿಯಲ್ಲಿ ಮಾಡಿದ್ದನ್ನು ಮಲಾಡ್ ಐವತ್ತೆಂಟು ವರ್ಷ ಮೊದಲೇ ಮಾಡಿತ್ತು.

ನಂತರ ಬಂದದ್ದು ಲತಾ. ನಲವತ್ತರ ದಶಕದ ಕೊನೆಗೆ ಗ್ರಾಂಟ್ ರೋಡಿನಿಂದ ಲೋಕಲ್ ಹಿಡಿದು ಮಲಾಡ್‌ಗೆ ಬಂದು, ಬಾಂಬೆ ಟಾಕೀಸ್‌ನ ಚಿತ್ರಗಳಿಗೆ ಹಾಡುತ್ತಿದ್ದ ಹುಡುಗಿ. 1949ರಲ್ಲಿ ಇದೇ ಸಂಸ್ಥೆಯ 'ಮಹಲ್' ಬಂತು. 'ಆಯೇಗಾ ಆನೇವಾಲಾ' ಹಾಡನ್ನು ಹಾಡಿದ್ದು ಲತಾ, ಪರದೆಯ ಮೇಲಿದ್ದದ್ದು ಮಧುಬಾಲಾ. ರೆಕಾರ್ಡಿನ ಮೇಲೆ ಗಾಯಕಿಯ ಜಾಗದಲ್ಲಿ ಅಚ್ಚಾಗಿದ್ದದ್ದು 'ಕಾಮಿನಿ' ಎಂದು. ಅದು ಗಾಯಕಿಯ ಹೆಸರೂ ಅಲ್ಲ, ನಟಿಯ ಹೆಸರೂ ಅಲ್ಲ, ಪಾತ್ರದ ಹೆಸರು! ರೇಡಿಯೋದಲ್ಲಿ ಹಾಡು ಕೇಳಿದ ಜನ ಸುಮ್ಮನಿರಲಿಲ್ಲ. ಹಾಡಿದವರು ಯಾರು ಎಂದು ಕೇಳಿ ಪತ್ರ ಬರೆದರು. ಕೊನೆಗೆ ರೇಡಿಯೋದವರು ಎಚ್‌ಎಂವಿಯಿಂದ ಹೆಸರು ತರಿಸಿಕೊಂಡು ಘೋಷಿಸಬೇಕಾಯಿತು. ಮುಂದೆ ಫಿಲ್ಮ್‌ಫೇರ್‌ನಲ್ಲಿ ಗಾಯಕರಿಗೆ ಪ್ರಶಸ್ತಿಯೇ ಇಲ್ಲವೆಂದು ಲತಾ ಆ ಸಮಾರಂಭದಲ್ಲಿ ಹಾಡಲು ಒಪ್ಪಲಿಲ್ಲ. ಆ ಹಟದ ಮೇಲೆ ಹಿನ್ನೆಲೆ ಗಾಯನಕ್ಕೆ ಪ್ರಶಸ್ತಿ ಹುಟ್ಟಿತು, 'ಮಧುಮತಿ'ಯ ಹಾಡಿಗೆ ಮೊದಲನೆಯದು ಅವರಿಗೇ ಬಂತು.

ಗಮನಿಸಿ: ಹೆಸರು ತಾನಾಗಿ ಬರಲಿಲ್ಲ. ಕೇಳುಗರು ಕೇಳಿದರು, ಗಾಯಕಿ ಹಟ ಹಿಡಿದರು, ಆಮೇಲೆ ಬಂತು. ಪಶ್ಚಿಮದಲ್ಲೂ ಹಾಗೆಯೇ. 1990ರ ಸುಮಾರಿನಲ್ಲಿ ಮಾರ್ತಾ ವಾಶ್ ಎಂಬ ದಪ್ಪ ಮೈಯ, ದೊಡ್ಡ ಕಂಠದ ಅಮೆರಿಕನ್ ಗಾಯಕಿಯ ಧ್ವನಿಯನ್ನು ಬ್ಲ್ಯಾಕ್ ಬಾಕ್ಸ್ ಮತ್ತು ಸಿ ಆ್ಯಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ತಂಡಗಳು ಬಳಸಿಕೊಂಡು, ವಿಡಿಯೋಗಳಲ್ಲಿ ತೆಳ್ಳಗಿನ ಹುಡುಗಿಯರ ಬಾಯಿ ಆಡಿಸಿದವು. ಆಕೆ ಕೋರ್ಟಿಗೆ ಹೋದರು. ಒಪ್ಪಂದವಾಗಿ, ಹಾಡಿದವರು ಯಾರು, ಕಾಣಿಸಿಕೊಂಡವರು ಯಾರು ಎಂದು ವಿಡಿಯೋದ ಜೊತೆ ತಿಳಿಸುವಂತೆ ಕಂಪನಿಯೇ ಟಿವಿ ವಾಹಿನಿಯನ್ನು ಕೇಳಿಕೊಳ್ಳಬೇಕಾಯಿತು. "ಆ ಕಾಲವೇ ಹಾಗಿತ್ತು" ಎಂಬ ಸಮಜಾಯಿಷಿಯನ್ನು ನಾನು ಒಪ್ಪದಿರುವುದು ಇದಕ್ಕೇ. ಆ ಕಾಲದಲ್ಲೇ ಅದನ್ನು ತಪ್ಪು ಎಂದವರಿದ್ದರು.

ಇನ್ನು ನನ್ನ ಆಫೀಸಿನ ಗೆಳೆಯರು. "ಬೀಟ್ ಚೆನ್ನಾಗಿದೆ." ಬೀಟ್ ನಿಮಿಷಕ್ಕೆ ಸುಮಾರು 128. ಅದೇ ವೇಗದಲ್ಲಿ, ಅದೇ ಕೀಬೋರ್ಡಿನಲ್ಲಿ, ಅದೇ ವರ್ಷಗಳಲ್ಲಿ ರಾಶಿ ರಾಶಿ ಹಾಡು ಬಂದವು. ಎಷ್ಟು ನೆನಪಿವೆ? ಯಂತ್ರ ಎಲ್ಲರಿಗೂ ಒಂದೇ ಇತ್ತು. ಇಲ್ಲಿ ಬೇರೆ ಇದ್ದದ್ದು ಒಳ್ಳೆಯ ಧಾಟಿ ಮತ್ತು ಅದನ್ನು ಹೊತ್ತ ಕಂಠ. ಸಂತೋಷದ ಹಾಡು ಅನ್ನುತ್ತೇವೆ, ಆದರೆ ಪಲ್ಲವಿ ಏರುವಾಗ ಆ ಧ್ವನಿಯಲ್ಲಿ ಒಂದು ದುಃಖ ಕೂಡ ಇದೆ. ಕಿವಿಗೆ ಇಯರ್‌ಫೋನ್ ಇಟ್ಟು ಒಬ್ಬರೇ ಕೇಳಿ ನೋಡಿ. ಫ್ರಾನ್ಸಿನ ನಿರ್ದೇಶಕಿ ಕ್ಲೇರ್ ಡೆನಿಸ್ ಇದನ್ನು ಗುರುತಿಸಿದ್ದರು. 1999ರ 'ಬೋ ಟ್ರವಾಯ್' ಚಿತ್ರದ ಕೊನೆಗೆ ಎಲ್ಲ ಕಳೆದುಕೊಂಡ ಒಬ್ಬ ಸೈನಿಕ ಖಾಲಿ ಡಿಸ್ಕೋದಲ್ಲಿ ಒಂಟಿಯಾಗಿ ಕುಣಿಯುವುದು ಈ ಹಾಡಿಗೇ. 2022ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ವಿಮರ್ಶಕರಿಂದ ಮಾಡಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಆ ಚಿತ್ರ 7ನೆಯದು. ಪ್ಲಾಸ್ಟಿಕ್ ಎನ್ನುವವರಿಗೂ ಇದೇ ಉತ್ತರ.

"ನಮ್ಮ ಕಾಲದ ಹಾಡು" ಎಂಬುದೂ ನಿಲ್ಲುವುದಿಲ್ಲ. 2013ರಲ್ಲಿ ಬ್ರಿಟನ್ನಿನ ಬ್ಯಾಸ್ಟಿಲ್ ತಂಡ ಇದೇ ಧಾಟಿಯನ್ನು ನಿಧಾನ ಮಾಡಿ ಹಾಡಿ ಮತ್ತೆ 2ನೇ ಸ್ಥಾನಕ್ಕೆ ಏರಿಸಿತು. 2019ರಲ್ಲಿ ಬ್ಲ್ಯಾಕ್ ಐಡ್ ಪೀಸ್ ಮತ್ತು ಜೆ ಬಾಲ್ವಿನ್ 'ರಿತ್ಮೋ' ಹಾಡಿಗೆ ಇದರ ಪಲ್ಲವಿಯನ್ನೇ ಎತ್ತಿಕೊಂಡರು. ನನ್ನ ಟೀಮಿನ ಮಕ್ಕಳಿಗೆ ಗೊತ್ತಿರುವುದು ಅದು. ಹಾಡಿನ ಮೇಲೆ ಇರುವುದು ಆ ಇಬ್ಬರ ಹೆಸರು. ಜಿಯೋವಾನಾ 2000ದಲ್ಲಿ ಸಾನ್ ರೆಮೋ ಸಂಗೀತೋತ್ಸವದ ಹೊಸ ಗಾಯಕರ ವಿಭಾಗದಲ್ಲಿ ಸ್ವಂತ ಹೆಸರಿನಿಂದ ಗೆದ್ದವರು. ಆದರೂ ಜಗತ್ತು ಕುಣಿಯುವ ಹಾಡಿನ ಎದುರು ಆ ಹೆಸರನ್ನು ಹುಡುಕಿ ತೆಗೆಯಬೇಕು. ಓಲ್ಗಾ ಸೋಜಾ ಮೇಲೆ ನನಗೆ ಸಿಟ್ಟಿಲ್ಲ. ಆಕೆಯೂ ಕುಣಿದು, ಊರೂರು ಸುತ್ತಿ ದುಡಿದವಳು. ಕೇಸು ಇರುವುದು ಎರಡನೇ ಹೆಸರು ಬರೆಯದವರ ಮೇಲೆ.

ನನ್ನ ವೃತ್ತಿಯ ಒಂದು ಮಾತು. ಸಾಫ್ಟ್‌ವೇರಿನಲ್ಲಿ ಯಾವ ಸಾಲು ಯಾರು ಬರೆದರು, ಯಾವತ್ತು, ಎಷ್ಟು ಗಂಟೆಗೆ ಎಂಬುದು ದಾಖಲಾಗುತ್ತದೆ. ಹತ್ತು ವರ್ಷ ಹಿಂದೆ ಕೆಲಸ ಬಿಟ್ಟವನ ಹೆಸರೂ ಆ ಸಾಲಿನ ಪಕ್ಕ ಕೂತಿರುತ್ತದೆ. ಅದಕ್ಕೆ ಖರ್ಚು ಏನೂ ಇಲ್ಲ. ಹಾಗಿರುವಾಗ ಹಾಡಿನ ಆ್ಯಪ್‌ಗಳಲ್ಲಿ ಹಾಡಿದವರ ಹೆಸರು ಹಾಕುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾನೆ ಇದೆ. ತುಂಬಿಸುವ ಮನಸ್ಸಿಲ್ಲ.

ಹಳೆಯ ಡಿಸ್ಕೋ ಹಾಡಿಗೆ ಇಷ್ಟು ರಂಪ ಯಾಕೆ ಎಂದು ಕೇಳಬಹುದು. ಯಾಕೆಂದರೆ ಈಗ ಧ್ವನಿಯ ತುಣುಕು ಸಿಕ್ಕರೆ ಯಂತ್ರ ಅದೇ ಧ್ವನಿಯಲ್ಲಿ ಏನನ್ನು ಬೇಕಾದರೂ ಹಾಡುತ್ತದೆ. 2024ರ ಜುಲೈಯಲ್ಲಿ ಅರಿಜಿತ್ ಸಿಂಗ್ ತಮ್ಮ ಧ್ವನಿಯ ನಕಲಿನ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ಮಧ್ಯಂತರ ರಕ್ಷಣೆ ಪಡೆದರು. ಒಳ್ಳೆಯದಾಯಿತು. ಆದರೆ ಅವರ ಧ್ವನಿ ಅವರದು ಎಂದು ಇಡೀ ದೇಶಕ್ಕೆ ಗೊತ್ತು. ಅಂಧೇರಿಯಿಂದ ಮಲಾಡ್‌ವರೆಗಿನ ಸಣ್ಣ ಸ್ಟುಡಿಯೋಗಳಲ್ಲಿ ಕೋರಸ್ ಹಾಡುವವರು, ದೊಡ್ಡ ಗಾಯಕರು ಬರುವ ಮೊದಲು ಟ್ರ್ಯಾಕ್ ಹಾಡಿ ಕೊಡುವವರು, ಸೋಪು, ಸಿಮೆಂಟು, ಬ್ಯಾಂಕು ಎಂದು ಕನ್ನಡ ಜಾಹೀರಾತುಗಳಿಗೆ ಧ್ವನಿ ಕೊಡುವ ನಮ್ಮ ಮುಂಬಯಿ ಕನ್ನಡಿಗರು, ಇವರು ಕೋರ್ಟಿಗೆ ಹೋದರೆ ಮೊದಲ ಪ್ರಶ್ನೆಯೇ "ಇದು ನಿಮ್ಮ ಧ್ವನಿ ಎಂಬುದಕ್ಕೆ ಏನು ಪುರಾವೆ?" ಎಂದಿರುತ್ತದೆ. ಹೆಸರು ಬರೆದಿಟ್ಟಿದ್ದರೆ ಪುರಾವೆ. ಇಲ್ಲದಿದ್ದರೆ ಅದು ಯಾರದೂ ಅಲ್ಲದ ಮಾಲು.

ಕಾನೂನು ನಮ್ಮ ಕಡೆಗೇ ಇದೆ. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆ ಗಾಯಕರಿಗೆ ರಾಯಧನದ ಹಕ್ಕು ಕೊಟ್ಟಿದೆ, ಅದರ ಜೊತೆಗೆ ಹಾಡಿದವರು ತಾವೇ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಹಕ್ಕು ಪುಸ್ತಕದಲ್ಲಿದೆ. ಕೇಳುವವರು ಬೇಕು, 1949ರಲ್ಲಿ ರೇಡಿಯೋಗೆ ಪತ್ರ ಬರೆದ ಆ ಜನರ ಹಾಗೆ.

ಆದ್ದರಿಂದ ಈ ಪತ್ರಿಕೆಯ ಓದುಗರಲ್ಲಿ, ಅದರಲ್ಲೂ ಊರೂರಿನಲ್ಲಿ ಕನ್ನಡ ಸಂಘ ನಡೆಸುವವರಲ್ಲಿ ನನ್ನ ಬೇಡಿಕೆ ಸಣ್ಣದು. ರಾಜ್ಯೋತ್ಸವದ ಆಮಂತ್ರಣದಲ್ಲಿ ಅತಿಥಿಗಳ ಹೆಸರಿಗೆ ಅರ್ಧ ಪುಟ ಕೊಡುತ್ತೀರಲ್ಲ, ನಾಡಗೀತೆ ಹಾಡುವ ಹೆಣ್ಣುಮಕ್ಕಳನ್ನು 'ಸಂಘದ ಸದಸ್ಯೆಯರು' ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ, ಒಬ್ಬೊಬ್ಬರ ಹೆಸರೂ ಅಚ್ಚು ಹಾಕಿ. ಜಾಹೀರಾತಿಗೆ ಧ್ವನಿ ಕೊಡುವವರು ನಿಮ್ಮ ಪರಿಚಯದಲ್ಲಿದ್ದರೆ, ಬಿಲ್ಲಿನ ಜೊತೆ ರೆಕಾರ್ಡಿಂಗಿನ ವಿವರವನ್ನೂ ಲಿಖಿತವಾಗಿ ಪಡೆಯಲು ಹೇಳಿ. ಬರುವ ಡಿಸೆಂಬರ್ 31ಕ್ಕೆ ಸೊಸೈಟಿಯ ಡಿಜೆ ಆ ಇಟಲಿಯ ಹಾಡು ಹಾಕುವ ಮೊದಲು ಮೈಕು ಇಸಿದುಕೊಂಡು, ಇದನ್ನು ಹಾಡಿದ್ದು ಜಿಯೋವಾನಾ ಬೆರ್ಸೋಲಾ ಎಂದು ಹೇಳಿ. ಆಮೇಲೆ ಧಾರಾಳವಾಗಿ ಕುಣಿಯಿರಿ, ನಾನೂ ಬರುತ್ತೇನೆ.